ಆ ಬಿಸಿನೀರಿನ ಚೀಲದ ವಿಷಯ

ಈ ತಿಂಗಳ ಪತ್ರಗಳನ್ನು ಹರಡಿಕೊಂಡು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಊರು ಬೇರೆ, ವಯಸ್ಸು ಬೇರೆ, ಆದರೆ ನಾಲ್ಕು ಪತ್ರಗಳಲ್ಲಿ ಯಾರೋ ಯಾರಿಗೋ "ಇದ್ದದ್ದರಲ್ಲೇ ಖುಷಿಯಾಗಿರಿ" ಅಂತ ಬುದ್ಧಿ ಹೇಳಿದ್ದಾರೆ, ಹೇಳಿಸಿಕೊಂಡವರಿಗೆ ಸಿಟ್ಟು ಬಂದಿದೆ. ಬರಲಿ ಬಿಡಿ. ನನಗೂ ಬರುತ್ತೆ. 71 ವರ್ಷದ ಮೊಣಕಾಲಿಗೆ ಉಪದೇಶ ಹತ್ತುವುದಿಲ್ಲ. ಆ ನಾಲ್ಕನ್ನೇ ಈ ಸಲ ಆರಿಸಿದ್ದೇನೆ. ಪತ್ರಗಳು ಉದ್ದ ಇದ್ದವು, ಸ್ವಲ್ಪ ಕತ್ತರಿಸಿದ್ದೇನೆ, ಬೇಜಾರು ಬೇಡ.

ಪ್ರಶ್ನೆ: ಅಕ್ಕಾರ, ನಮಸ್ಕಾರ. ನನಗೆ 68. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ 36 ವರ್ಷ ಕೆಲಸ ಮಾಡಿ ರಿಟೈರ್ ಆದವನು. ಪಿಂಚಣಿ ಬರುತ್ತದೆ, ಸ್ವಂತ ಮನೆ ಇದೆ, ಸಾಲ ಇಲ್ಲ. ಮಗ ಪುಣೆಯಲ್ಲಿದ್ದಾನೆ, ವರ್ಷಕ್ಕೆ ಎರಡು ಸಲ ಬರುತ್ತಾರೆ. ಬಂದಾಗ ಸೊಸೆ, ಮೊಮ್ಮಗಳು ಅಡುಗೆಮನೆಯಲ್ಲಿ ನನ್ನ ಹೆಂಡತಿ ಜೊತೆ ಗುಸುಗುಸು ಮಾತಾಡುತ್ತಾರೆ, ನಾನು ಹೋದರೆ ಸುಮ್ಮನಾಗುತ್ತಾರೆ. ಮನೆಯಲ್ಲಿ ನನ್ನ ಮಾತಿಗೆ ಕಿಮ್ಮತ್ತಿಲ್ಲ. ಹೆಂಡತಿ ತನ್ನ ಅಕ್ಕನ ಜೊತೆ ಫೋನಿನಲ್ಲಿ ಒಂದು ತಾಸು ಮಾತಾಡುತ್ತಾಳೆ. ನನಗಾದರೆ, ರಾತ್ರಿ ಹತ್ತಕ್ಕೆ ಬಿಸಿನೀರಿನ ಚೀಲ ತಂದು ಮೊಣಕಾಲ ಮೇಲೆ ಇಟ್ಟು, ಒಂದು ಮಾತೂ ಆಡದೆ ಹೋಗಿ ಮಲಗುತ್ತಾಳೆ. ಮಗ ಬೆಳಗಾದರೆ ವಾಟ್ಸಾಪಿನಲ್ಲಿ ಹೂವಿನ ಚಿತ್ರ ಹಾಕಿ "ಪಾಸಿಟಿವ್ ಆಗಿರ್ರಿ ಅಪ್ಪಾ" ಅಂತಾನೆ. ಎಲ್ಲಿಂದ ತರಲಿ ಪಾಸಿಟಿವ್?
(ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ಅಣ್ಣಾರ, ಆ ಹೂವಿನ ಚಿತ್ರಗಳ ಮೇಲೆ ನನಗೂ ನಿಮ್ಮಷ್ಟೇ ಸಿಟ್ಟಿದೆ. ಮಗನ ಮೇಲೆ ಇಲ್ಲ. ಪುಣೆಯಲ್ಲಿ ಕೂತು ಬೆಳಿಗ್ಗೆ ಎದ್ದ ಕೂಡಲೇ ಅಪ್ಪನಿಗೆ ಏನು ಹೇಳಬೇಕು ಅಂತ ತಿಳಿಯದವನು ಹೂವು ಕಳಿಸುತ್ತಾನೆ. "ಅಪ್ಪಾ, ಎದ್ರೇನು?" ಅಂತ ಕೇಳುವುದನ್ನೇ ಅವನು ಹಾಗೆ ಕೇಳುತ್ತಿದ್ದಾನೆ. ಒಂದು ದಿನ ಹೂವು ಬರದಿದ್ದರೆ ನೀವು ಎಷ್ಟು ಸಲ ಫೋನ್ ತೆಗೆದು ನೋಡುತ್ತೀರಿ ಅನ್ನುವುದು ನನಗೆ ಗೊತ್ತು. ಅದು ಇರಲಿ.

ಮೊದಲು ಕಿವಿ ತೋರಿಸಿಕೊಳ್ಳಿ. ಜಗಳಕ್ಕೆ ಹೇಳುತ್ತಿಲ್ಲ, ನಿಜವಾಗಿ ಹೇಳುತ್ತಿದ್ದೇನೆ. 36 ವರ್ಷ ಸುತ್ತಿಗೆ, ಗ್ರೈಂಡರ್ ಸದ್ದಿನ ನಡುವೆ ನಿಂತ ಕಿವಿ ಮೊದಲು ಬಿಟ್ಟುಕೊಡುವುದು ಸಣ್ಣ, ಚೂಪಾದ ದನಿಗಳನ್ನು. ವಯಸ್ಸಾದ ಕಿವಿಯೂ ಹಾಗೇ. ಗಂಡಸರ ದಪ್ಪ ದನಿ ಕೇಳುತ್ತೆ, ಹೆಂಗಸರು ಮಕ್ಕಳು ಆಡಿದ್ದು ಮಬ್ಬಾಗುತ್ತೆ. ಮಾತಾಡುತ್ತಿದ್ದಾರೆ ಅಂತ ತಿಳಿಯುತ್ತೆ, ಏನು ಅಂತ ತಿಳಿಯಲ್ಲ. ಅದನ್ನೇ ನಾವು ಗುಸುಗುಸು ಅನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದ ನೂರು ಜನರಲ್ಲಿ 25ಕ್ಕಿಂತ ಜಾಸ್ತಿ ಜನರಿಗೆ ದಿನದ ಬದುಕಿಗೇ ತೊಂದರೆ ಕೊಡುವಷ್ಟು ಕಿವಿ ಮಂದ ಇರುತ್ತೆ. ನಮ್ಮ ಮನೆಯವರೂ ಎರಡು ವರ್ಷ "ನೀವೆಲ್ಲ ನನ್ನ ಬೆನ್ನ ಹಿಂದ ಮಾತಾಡ್ತೀರಿ" ಅಂತ ಮುನಿಸಿಕೊಂಡಿದ್ದರು. ಏನೇ ಹೇಳಿದರೂ ಮೂರು ಸಲ ಹೇಳಬೇಕು, ಮೂರನೆಯ ಸಲ ಕೂಗಬೇಕು, ಕೂಗಿದರೆ "ಯಾಕ ಒದರ್ತಿ?" ಅಂತ ಬೈಗುಳ. ಕೊನೆಗೆ ನಾವೇ ಸುಮ್ಮನಾದೆವು. ನಿಮ್ಮನೆಯಲ್ಲೂ ನೀವು ಹೋದ ಕೂಡಲೇ ಮಾತು ನಿಲ್ಲುವುದು ಇದೇ ಕಾರಣಕ್ಕೆ ಇರಬಹುದು. ಕಿವಿ ಡಾಕ್ಟರರ ಹತ್ತಿರ ಹೋದರೆ ಆಡಿಯೋಮೆಟ್ರಿ ಅಂತ ಒಂದು ಟೆಸ್ಟ್ ಮಾಡುತ್ತಾರೆ, ಸೂಜಿ ಇಲ್ಲ, ನೋವಿಲ್ಲ. ಮಷಿನ್ ಹಾಕಿಕೊಳ್ಳಿ ಅಂದರೆ ಹಾಕಿಕೊಳ್ಳಿ, ರೂಢಿಯಾಗಲು ಕೆಲವು ವಾರ ಬೇಕು, ಮೂರನೇ ದಿನಕ್ಕೇ ಕಪಾಟಿನಲ್ಲಿ ಇಡಬೇಡಿ. ಮಷಿನ್ ಹಾಕಿದ ದಿನ ನಮ್ಮವರು ಆಡಿದ ಮೊದಲ ಮಾತು, "ಈ ಫ್ಯಾನ್ ಇಷ್ಟು ಸಪ್ಪಳ ಮಾಡ್ತದೇನು?"

ಈಗ ಆ ಚೀಲದ ವಿಷಯಕ್ಕೆ ಬರುತ್ತೇನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಂಡತಿ ಮಾತಾಡುವುದಿಲ್ಲ ಅನ್ನುವುದಕ್ಕೆ ಸಾಕ್ಷಿ ಅಂತ ನೀವು ಚೀಲವನ್ನು ತಂದಿದ್ದೀರಿ. ಆ ಚೀಲ ತಾನಾಗಿ ಬರುವುದಿಲ್ಲ ಅಲ್ವಾ? ಒಲೆ ಮೇಲೆ ನೀರು ಇಡಬೇಕು. ಕುದಿಯುವ ಮೊದಲೇ ಇಳಿಸಬೇಕು, ಕುದಿವ ನೀರು ಹಾಕಿದರೆ ರಬ್ಬರ್ ಬೇಗ ಹಾಳಾಗುತ್ತೆ. ಮುಕ್ಕಾಲು ತುಂಬಿ, ಒತ್ತಿ ಗಾಳಿ ತೆಗೆದು, ಬಿರಡೆ ಬಿಗಿ ಮಾಡಬೇಕು. ಬೋರಲು ಹಿಡಿದು ಸೋರುತ್ತದೇನೋ ನೋಡಬೇಕು. ಮೈ ಸುಡಬಾರದು ಅಂತ ಮೇಲೆ ಹಳೇ ಟವೆಲ್ ಸುತ್ತಬೇಕು. ಅಷ್ಟೂ ಹೊತ್ತು ನಿಂತೇ ಇರಬೇಕು, ಅದೂ ದಿನದ ಕೊನೆಗೆ, ಪಾತ್ರೆ ತಿಕ್ಕಿ, ಹಾಲಿಗೆ ಹೆಪ್ಪು ಹಾಕಿ ಆದ ಮೇಲೆ. ಪತ್ರದಲ್ಲಿ ನಿಮ್ಮ ವಯಸ್ಸು ಇದೆ, ಸರ್ವಿಸ್ ಎಷ್ಟು ವರ್ಷ ಅನ್ನುವುದಿದೆ, ಪಿಂಚಣಿ ಇದೆ. ಅವರ ವಯಸ್ಸು ಇಲ್ಲ. ಅವರ ಮೊಣಕಾಲು ಹೇಗಿದೆ ಅನ್ನುವುದೂ ಇಲ್ಲ. ಅವರಿಗೆ ಚೀಲ ತಂದು ಕೊಡುವವರು ಯಾರು?

ಇಷ್ಟು ಓದಿದ ಮೇಲೆ ಇವತ್ತು ರಾತ್ರಿಯೇ ಎದ್ದು "ಥ್ಯಾಂಕ್ಸ್" ಅನ್ನಬೇಡಿ. ನಮ್ಮ ಕಡೆ ಗಂಡ ಹೆಂಡತಿಗೆ ಥ್ಯಾಂಕ್ಸ್ ಹೇಳಿದರೆ "ಯಾಕ್ರಿ, ಎದಿ ನೋವೇನಾರ ಬಂದೈತೇನು?" ಅಂತ ಗಾಬರಿಯಾಗುತ್ತಾರೆ. ನಾವು ಉಪಕಾರ ನೆನೆಯದ ಜನ ಅಲ್ಲ. ಶೀಗಿ ಹುಣ್ಣಿಮೆಗೆ ಭೂಮಿ ಬಸುರಿ ಅಂತ ತಿಳಿದು ಬಗೆಬಗೆ ಅಡುಗೆ ಮಾಡಿ ಹೊಲಕ್ಕೆ ಒಯ್ದು ಚರಗ ಚೆಲ್ಲುತ್ತೇವೆ, ಹೊಲದ ಮೂಲೆ ಮೂಲೆಗೂ ಊಟ ಹಾಕುತ್ತೇವೆ. ದಸರೆಗೆ ಕಂಡಕಂಡವರ ಕೈಗೆಲ್ಲ ಬನ್ನಿ ಎಲೆ ಇಟ್ಟು ಬಂಗಾರದಂಗ ಇರೋಣು ಅನ್ನುತ್ತೇವೆ. ಹೊಲಕ್ಕೆ, ಓಣಿಯವರಿಗೆ ಇಷ್ಟೆಲ್ಲ ಮಾಡುವವರು ಒಳಗಿನ ಮನುಷ್ಯರ ಮುಂದೆ ನಿಂತಾಗ ಮಾತ್ರ ನಾಚುತ್ತೇವೆ. ಹೋಗಲಿ, ಬಾಯಿ ಬಾರದಿದ್ದರೆ ಕೈ ಬರಲಿ. ನಾಳೆ ಒಂಬತ್ತೂ ಮುಕ್ಕಾಲಿಗೆ ನೀವೇ ಎದ್ದು ಚೀಲ ತುಂಬಿ ಮೊದಲು ಅವರ ಕಾಲಿಗೆ ಇಡಿ. ಮೊದಲ ದಿನ ಅವರು ಎದ್ದು ಬಂದು ಗ್ಯಾಸ್ ಬಂದ್ ಮಾಡಿದ್ದೀರೋ ಇಲ್ಲವೋ ನೋಡುತ್ತಾರೆ, ಅದಕ್ಕೆ ಮುಖ ಊದಿಸಿಕೊಳ್ಳಬೇಡಿ. ವರ್ಕ್‌ಶಾಪಿನಲ್ಲಿ ನಿಮ್ಮ ಮಾತಿಗೆ ಕಿಮ್ಮತ್ತು ಬಂದದ್ದು ಕೆಲಸ ಗೊತ್ತಿದ್ದುದರಿಂದ. ಅಡುಗೆಮನೆಯಲ್ಲಿ ನೀವಿನ್ನೂ ಅಪ್ರೆಂಟಿಸ್.

ಇನ್ನೊಂದು ಮಾತು ಹೇಳಿ ಬಿಡುತ್ತೇನೆ. ಎರಡು ವಾರದ ಮೇಲೂ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸೇ ಇಲ್ಲದೆ ಇದ್ದರೆ ಅದನ್ನು ಚೀಲ, ಬನ್ನಿ ಎಲೆಗಳಿಂದ ಸರಿಮಾಡಲು ಆಗುವುದಿಲ್ಲ. ಅದು ಕಾಯಿಲೆ, ಅದಕ್ಕೆ ಔಷಧಿ ಇದೆ. ಮನಸ್ಸಿನ ತೊಂದರೆಗೆ ಅಂತ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ನಿಮಗೆ ಹತ್ತಿರದಲ್ಲೇ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಕೂಡ ಇದೆ.

ಪ್ರಶ್ನೆ: ಅಕ್ಕಾ, ನಾನು ಗದಗ-ಬೆಟಗೇರಿಯ ಶಾಲೆಯೊಂದರಲ್ಲಿ ಟೀಚರ್, 41 ವರ್ಷ. ಅತ್ತೆಗೆ 78, ನಮ್ಮ ಜೊತೆಗೇ ಇದ್ದಾರೆ. ಒಂದು ವರ್ಷದಿಂದ ಮರೆವು ಜಾಸ್ತಿಯಾಗಿದೆ. ಒಂದೇ ರಾತ್ರಿ "ಉಂಡ್ಯಾ?" ಅಂತ ನನ್ನನ್ನು ನಾಲ್ಕು ಸಲ ಕೇಳುತ್ತಾರೆ. 17 ವರ್ಷದಲ್ಲಿ ನನ್ನ ಅಡುಗೆಗೆ ಒಂದು ದಿನ "ಚಲೋ ಆಗೈತಿ" ಅಂದಿಲ್ಲ. ಮೈದುನರಿಬ್ಬರು ದೂರ ಇದ್ದಾರೆ. ಫೋನಿನಲ್ಲಿ "ವೈನಿ, ಅವ್ವನ ಸೇವಾ ಮಾಡೋ ಭಾಗ್ಯ ನಿಮಗ ಸಿಕ್ಕೈತಿ" ಅನ್ನುತ್ತಾರೆ. ಎಲ್ಲರೂ ಕೃತಜ್ಞತೆ ಇರಲಿ ಅನ್ನುತ್ತಾರೆ. ನನಗೆ ಕೃತಜ್ಞತೆ ಬರುತ್ತಿಲ್ಲ ಅಕ್ಕಾ, ನಿದ್ದೆ ಬರುತ್ತಿದೆ.
(ಗದಗ)

ಉತ್ತರ: ಹಾಗಾದರೆ ನಿದ್ದೆ ಮಾಡು ತಂಗಿ. ದಣಿದವರ ಹತ್ತಿರ ಕೃತಜ್ಞತೆ ಕೇಳಲು ಹೋಗುವವರು ಮೊದಲು ತಾವು ಎದ್ದು ಎರಡು ಪಾತ್ರೆ ತೊಳೆಯಲಿ.

ನಿನ್ನ ಮೈದುನರಿಗೆ ಆ ಭಾಗ್ಯದಲ್ಲಿ ಪಾಲು ಕೊಡು. ಬೇಸಿಗೆ ರಜೆಯಲ್ಲಿ ಒಬ್ಬರು, ದೀಪಾವಳಿಗೆ ಒಬ್ಬರು, ಹದಿನೈದು ಹದಿನೈದು ದಿನ. ಆದರೆ ಅತ್ತೆಯನ್ನು ಅವರ ಊರಿಗೆ ಕಳಿಸಬೇಡ, ಅವರೇ ಗದಗಕ್ಕೆ ಬಂದು ಇರಲಿ. ಮರೆವು ಇರುವವರಿಗೆ ಹೊಸ ಮನೆಯಲ್ಲಿ ರಾತ್ರಿ ಬಚ್ಚಲು ಎಲ್ಲಿದೆ ಅನ್ನುವುದೇ ತಿಳಿಯದೆ ಗಾಬರಿ ಜಾಸ್ತಿಯಾಗುತ್ತೆ. ಅವರು ಬಂದ ದಿನ ನೀನು ತವರಿಗೆ ಹೋಗು. ಕಾರಣ ಹೇಳಬೇಡ, ಸುಮ್ನೆ ಹೋಗು. ತಂದೆ ತಾಯಿಯನ್ನು ನೋಡಿಕೊಳ್ಳುವುದು ಮಕ್ಕಳ ಜವಾಬ್ದಾರಿ ಅಂತ 2007ರ ಕಾನೂನೇ ಇದೆ, ಹತ್ತಿರ ಇದ್ದ ಮಗನದ್ದು ಮಾತ್ರ ಅಂತ ಅದರಲ್ಲಿ ಬರೆದಿಲ್ಲ. ಈ ಮಾತನ್ನು ನೀನು ಆಡಬೇಡ, ನಿನ್ನ ಗಂಡ ಆಡಲಿ. ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ, ಎಲ್ಲಿದ್ದಾರೆ? ಹಿರಿಯರಿಗೆ ಅಂತಲೇ 14567 ಅಂತ ಒಂದು ಸಹಾಯವಾಣಿ ಕೂಡ ಇದೆ, ನೋಡಿಕೊಳ್ಳುವವರೂ ಕೇಳಬಹುದು.

ಮರೆವನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಬೇಡಿ. ಒಮ್ಮೆ ಡಾಕ್ಟರರಿಗೆ ತೋರಿಸಿ ಥೈರಾಯ್ಡ್, ಬಿ12 ರಕ್ತ ಪರೀಕ್ಷೆ ಮಾಡಿಸಿ. ಇವು ಕಡಿಮೆಯಾದರೂ ಮರೆವು ಬರುತ್ತೆ, ಬರೀ ಕಾಯಿಪಲ್ಲೆ ತಿನ್ನುವ ಮನೆಗಳಲ್ಲಿ ಬಿ12 ಕೊರತೆ ಜಾಸ್ತಿ. ಅದೇ ಕಾರಣ ಆಗಿದ್ದರೆ ಮಾತ್ರೆಗೆ, ಇಂಜೆಕ್ಷನ್‌ಗೆ ಬಗ್ಗುತ್ತೆ.

"ಚಲೋ ಆಗೈತಿ" ವಿಷಯಕ್ಕೆ ಬಂದರೆ, ನಾನೇ ಕಟಕಟೆಯಲ್ಲಿ ನಿಲ್ಲಬೇಕು. ನನ್ನ ಸೊಸೆಗೆ ನಾನೂ ಅಂದವಳಲ್ಲ. ನಮ್ಮ ಅತ್ತೆ ನನಗೆ ಅಂದಿರಲಿಲ್ಲ, ಹೊಗಳಿದರೆ ದೃಷ್ಟಿಯಾಗುತ್ತೆ ಅನ್ನುತ್ತಿದ್ದರು. "ಇನ್ನೊಂದು ರೊಟ್ಟಿ ಹಾಕು" ಅಂದರೆ ಅದೇ ಬಿರುದು. ನಾಲ್ಕು ವರ್ಷದ ಹಿಂದೆ ನನ್ನ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಬೇಡ ಬೇಡ ಅಂತ ಒಂದೂವರೆ ವರ್ಷ ತಳ್ಳಿದೆ. ಆಗಲೂ ಸಂಜೆ ಪಾತ್ರೆ ನಾನೇ ತೊಳೆಯುತ್ತಿದ್ದೆ, ಅದು ನನ್ನ ಕೆಲಸ ಅಂತ ಹಟ. ಕೊನೆಗೆ ಆಪರೇಷನ್ ಆಗಿ, ವಾರಗಳ ಮೇಲೆ ಡಾಕ್ಟರರು ನೀರಿನ ಕೆಲಸ ಮಾಡಬಹುದು ಅಂದ ಮೇಲೆ, ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿ ಹಿಡಿದು ನೋಡುತ್ತೇನೆ, ಅಂಚಿನ ಮಡಿಕೆಯಲ್ಲಿ ಸಹ ಒಂದು ಕಲೆ ಇಲ್ಲ. ನೀಲಿ ಡಬ್ಬಿಯ ನೀಲಿಯನ್ನೇ ಬೂದು ಅಂತ ತಿಳಿದಿದ್ದ ಕಣ್ಣು ಇಷ್ಟು ಚೊಕ್ಕ ತೊಳೆದಿರಲು ಸಾಧ್ಯವೇ ಇರಲಿಲ್ಲ. ಮೊಮ್ಮಗನನ್ನು ಕೇಳಿದೆ. "ಮಮ್ಮಿ ದಿನಾ ರಾತ್ರಿ ನೀ ಮಲಗಿದ ಮ್ಯಾಲ ಮತ್ತ ತೊಳೀತಿದ್ಲು ಅಜ್ಜಿ, ಹೇಳಬ್ಯಾಡ ಅಂದಿದ್ಲು." ಒಂದೂವರೆ ವರ್ಷ. ಒಂದು ದಿನವೂ ನನ್ನ ಕೈಯಿಂದ ಪಾತ್ರೆ ಕಸಿಯಲಿಲ್ಲ, ಒಂದು ದಿನವೂ ಡಬ್ಬಿ ತೋರಿಸಿ "ನೋಡ್ರಿ ಇಲ್ಲಿ" ಅನ್ನಲಿಲ್ಲ. ನಾನಾಗಿದ್ದರೆ ಅನ್ನುತ್ತಿದ್ದೆ. ಆವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಬೇಕು ಅಂತ ಬಾಯಿ ತೆರೆದವಳು "ಪಲ್ಯಕ್ಕ ಉಪ್ಪು ಸರಿ ಐತಿ" ಅಂದೆ. ಅಷ್ಟೇ ಬಂತು. ಅವಳು ನಕ್ಕಳು, ಗೊತ್ತಾಗಿರಬೇಕು.

ನಿನ್ನ ಅತ್ತೆಗೆ ತಾನು ಕೇಳಿದ್ದು ಮರೆತುಹೋಗುತ್ತೆ, ನೀನು ಕೊಟ್ಟ ಉತ್ತರ ಮರೆತುಹೋಗುತ್ತೆ. ಸೊಸೆ ಉಂಡಳೋ ಇಲ್ಲವೋ ಅನ್ನುವ ಚಿಂತೆ ಮಾತ್ರ ಹೋಗಿಲ್ಲ. ನಿನ್ನನ್ನು ಕರಗಿಸಲು ಹೇಳುತ್ತಿಲ್ಲ ತಂಗಿ, ನಾಲ್ಕನೇ ಸಲಕ್ಕೆ ಯಾರಿಗಾದರೂ ತಲೆ ಕೆಡುತ್ತೆ. ಮೊದಲ ಸಲಕ್ಕಾದರೂ ಅದು ಕಿವಿಗೆ ಬೇರೆ ತರ ಕೇಳಲಿ ಅಂತ ಅಷ್ಟೇ.

ಪ್ರಶ್ನೆ: ಅಜ್ಜಿ, ನನಗೆ 23. ಹಾವೇರಿ ಜಿಲ್ಲೆಯವಳು. ನಮ್ಮ ಅಜ್ಜನಿಗೆ 82, ಬ್ಯಾಡಗಿ ಪ್ಯಾಟಿಯಲ್ಲಿ ಮೆಣಸಿನಕಾಯಿ ವಿಂಗಡಿಸುವ ಕೆಲಸ ಮಾಡುತ್ತಿದ್ದರು. ಈಗ ಏನು ಹೇಳಿದರೂ "ನಂದು ಮುಗೀತವಾ" ಅನ್ನುತ್ತಾರೆ. ಅವರಲ್ಲಿ ಆಶಾವಾದ ತರುವುದು ಹೇಗೆ?
(ಹಾವೇರಿ)

ಉತ್ತರ: ಮಗಳ, ನೀನು ಕೇಳಿದ್ದು ಚಲೋ ಆಯಿತು. ವಯಸ್ಸಿನ ಬಗ್ಗೆ ಮನಸ್ಸಿನಲ್ಲಿ ಏನಿರುತ್ತೆ ಅನ್ನುವುದು ಸಣ್ಣ ವಿಷಯ ಅಲ್ಲ. ಅಮೆರಿಕದ ಓಹಾಯೊದ ಒಂದು ಊರಿನಲ್ಲಿ 50 ದಾಟಿದ 660 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಒಂದಿದೆ. ಬೆಕ್ಕಾ ಲೆವಿ ಅನ್ನುವ ಸಂಶೋಧಕಿ ಮತ್ತು ಜೊತೆಯವರು 2002ರಲ್ಲಿ ಅದನ್ನು ಪ್ರಕಟಿಸಿದರು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು, ಇಲ್ಲದವರಿಗಿಂತ ಸುಮಾರು ಏಳೂವರೆ ವರ್ಷ ಜಾಸ್ತಿ ಬದುಕಿದ್ದರು. ಹಾಗಂತ ನಗುನಗುತ್ತ ಇದ್ದವರೆಲ್ಲ ನೂರು ಮುಟ್ಟುತ್ತಾರೆ ಅಂತಲ್ಲ. ಆದರೆ "ನಂದು ಮುಗೀತು" ಅನ್ನುವುದನ್ನು ಸುಮ್ನೆ ಮುದುಕರ ಮಾತು ಅಂತ ಬಿಡುವ ಹಾಗೂ ಇಲ್ಲ.

ಗಂಗೂಬಾಯಿ ಹಾನಗಲ್ ಅವರು 90 ದಾಟಿದ ಮೇಲೂ ಹಾಡಿದರು ನೋಡು ಅಜ್ಜಾ ಅಂತ ಮಾತ್ರ ಹೇಳಬೇಡ. ಅವರ ಹಾಡು ಅವರ ಹತ್ತಿರವೇ ಇತ್ತು. ನಿಮ್ಮ ಅಜ್ಜನ ಕೆಲಸ ಎಲ್ಲಿದೆ? ಈಗ ನಿಮ್ಮ ಮನೆಯಲ್ಲಿ ಖಾರಪುಡಿ ಹೇಗೆ ಬರುತ್ತೆ ಹೇಳು. ಪಾಕೀಟು ಅಲ್ವಾ? ಬ್ಯಾಡಗಿ ಪ್ಯಾಟಿಯಲ್ಲಿ ಜನ್ಮ ಸವೆಸಿದ ಮನುಷ್ಯನ ತಾಟಿಗೆ ಪಾಕೀಟಿನ ಖಾರ ಬಡಿಸಿ ಅವರಲ್ಲಿ ಆಶಾವಾದ ಹುಡುಕುತ್ತಿದ್ದೀರಿ. ನಾನು ಅಜ್ಜನಾಗಿದ್ದರೂ ಮುಗೀತು ಅನ್ನುತ್ತಿದ್ದೆ.

ಈ ವರ್ಷದ ಖಾರ ಅವರಿಂದ ಮಾಡಿಸು. ಪ್ಯಾಟಿಗೆ ಕರೆದುಕೊಂಡು ಹೋಗು, ಆಗದಿದ್ದರೆ ನೀನೇ ಮೂರು ಅಂಗಡಿಯಿಂದ ಒಂದೊಂದು ಹಿಡಿ ತಂದು ಬಿಳೀ ಬಟ್ಟೆ ಮೇಲೆ ಸುರಿದು ಅವರ ಮುಂದಿಡು. ಗಿಡ್ಡಗೆ ದಪ್ಪಗೆ ಇದ್ದದ್ದು ಡಬ್ಬಿ, ಉದ್ದಕ್ಕೆ ತೆಳ್ಳಗೆ ಇದ್ದದ್ದು ಕಡ್ಡಿ, ಇಷ್ಟು ನನಗೂ ಗೊತ್ತು. ಮುರಿದಾಗ ಆಗುವ ಸಪ್ಪಳದಿಂದ ಎಷ್ಟು ಒಣಗಿದೆ ಅಂತ ಹೇಳುವುದು, ಕೋಲ್ಡ್ ಸ್ಟೋರೇಜಿನ ಹಳೇ ಮಾಲನ್ನು ಬಣ್ಣ ನೋಡಿ ಹಿಡಿಯುವುದು ಅವರಿಗೆ ಗೊತ್ತು. ನೋಟ್‌ಬುಕ್ ತೆಗೆದುಕೊಂಡು ಪಕ್ಕದಲ್ಲಿ ಕೂತು ಬರೆದುಕೋ. ಬೈಸಿಕೊಳ್ಳುತ್ತೀಯ, "ಕಣ್ಣು ಎಲ್ಲಿ ಇಟ್ಟೀಯವಾ?" ಅನ್ನುತ್ತಾರೆ. ಬೈಗುಳ ಶುರುವಾಯಿತು ಅಂದರೆ ಮದ್ದು ಹತ್ತಿತು ಅಂತ ತಿಳಿ. ಅಂದಹಾಗೆ, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಗುರುತು, ಅಂದರೆ ಇದು ಇದೇ ಸೀಮೆಯ ಮಾಲು ಅನ್ನುವ ಸರ್ಕಾರಿ ಗುರುತು ಸಿಕ್ಕಿತಲ್ಲ, ಅದರ ಚೆಲುವು ಇರುವುದೇ ಮೈತುಂಬ ಇರುವ ಸುಕ್ಕಿನಲ್ಲಿ. ಅಜ್ಜನ ಮುಂದೆ ಈ ಜೋಕು ಹೇಳಿ ನೋಡು.

ಪ್ರಶ್ನೆ: ಅಕ್ಕಾರ, ಮಗಳು ಹುಟ್ಟುಹಬ್ಬಕ್ಕೆ ಒಂದು ಕೃತಜ್ಞತಾ ಡೈರಿ ಕೊಟ್ಟಿದ್ದಾಳೆ. ದಿನಾ ಐದು ಸಾಲು ಬರೆಯಬೇಕಂತೆ. ಒಂದು ವಾರದಲ್ಲಿ ಬರೆಯಲು ಏನೂ ಉಳಿಯಲಿಲ್ಲ, "ಆರೋಗ್ಯ, ಕುಟುಂಬ, ದೇವರು" ಅಂತ ಅದನ್ನೇ ಬರೆಯುತ್ತಿದ್ದೇನೆ. ಬಿಡಲೇ?
(59 ವರ್ಷ, ಧಾರವಾಡ)

ಉತ್ತರ: ದಿನಾ ಬರೆಯುವುದು ಬಿಡಿ, ಪೂರ್ತಿ ಬಿಡಬೇಡಿ. ಎಮನ್ಸ್ ಮತ್ತು ಮೆಕಲೋ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಹೆಸರಾದ ಪ್ರಯೋಗವೊಂದರಲ್ಲಿ ಕಾಲೇಜು ಹುಡುಗರಿಂದ ಬರೆಸಿದ್ದು ವಾರಕ್ಕೊಮ್ಮೆ, ಹತ್ತು ವಾರ. ಕಿರಿಕಿರಿಗಳನ್ನು ಬರೆದವರಿಗಿಂತ ಉಪಕಾರ ಬರೆದವರಿಗೆ ತಮ್ಮ ಬದುಕು ಹೆಚ್ಚು ಚಲೋ ಅನ್ನಿಸಿತ್ತು, ವ್ಯಾಯಾಮವನ್ನೂ ಜಾಸ್ತಿ ಮಾಡಿದ್ದರು. ಅಷ್ಟಕ್ಕೆ ಚರ್ಮದ ರಟ್ಟಿನ ಡೈರಿ ಬೇಕಿಲ್ಲ. "ಕುಟುಂಬ" ಅಂತ ಬರೆದರೆ ಯಾರೂ ಕಣ್ಣ ಮುಂದೆ ಬರುವುದಿಲ್ಲ, ಹೆಸರು ಹಿಡಿದು ಬರೆಯಿರಿ, ಯಾರು, ಯಾವತ್ತು, ಏನು ಮಾಡಿದರು ಅಂತ.

ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯುತ್ತೇನೆ. ಚೌಕದಲ್ಲಿ ಜಾಗ ಇಷ್ಟೇ ಇರುತ್ತೆ, ಅದಕ್ಕೇ ಸುಳ್ಳು ಬರೆಯಲು ಆಗುವುದಿಲ್ಲ. ಏನೂ ಇಲ್ಲದ ದಿನ ಬರೀ ಹಾಲು. ಹೋದ ವಾರದ್ದು ಹೀಗಿದೆ:

ಸೋಮವಾರ: ಹಾಲು ಒಂದು ಲೀಟರ್. ಎದುರು ಮನೆ ಹುಡುಗ ಸಿಲಿಂಡರ್ ಒಳಗೆ ಇಟ್ಟು ಹೋದ.
ಮಂಗಳವಾರ: ಹಾಲು ಒಂದು ಲೀಟರ್.
ಬುಧವಾರ: ಹಾಲು ಅರ್ಧ. ಮೊಣಕಾಲು. ಯಾರ ಮುಖವೂ ಬೇಡ.
ಗುರುವಾರ: ಚಿಗರಿ ಬಸ್ಸಿನಲ್ಲಿ ಕಾಲೇಜು ಹುಡುಗಿ ಎದ್ದು ಸೀಟು ಕೊಟ್ಟಳು, ಇಳಿಯುವಾಗ ಕೈ ಹಿಡಿದಳು. ಹೆಸರು ಕೇಳಲು ಮರೆತೆ.
ಶುಕ್ರವಾರ: ಹಾಲು ಒಡೆಯಿತು. ಸೊಸೆ ಬೈಯದೆ ಅದರಲ್ಲೇ ಕುಂದಾ ಮಾಡಿದಳು. ಎರಡು ಸಲ ಹಾಕಿಸಿಕೊಂಡೆ.